ಕರಾವಳಿಯಲ್ಲಿ ಸೆಕೆಂಡ್ ಹ್ಯಾಂಡ್ ಸೆಡಾನ್: ಮೊದಲು ಅಡಿ ನೋಡಿ, ಆಮೇಲೆ ಕಾಗದ, ಕೊನೆಗೆ ರೇಟು

ಮಂಗಳೂರಿನ ಪಡೀಲಿನಿಂದ ಕುಂದಾಪುರದವರೆಗೆ ಹೆದ್ದಾರಿ ಬದಿಯ ಸೆಕೆಂಡ್ ಹ್ಯಾಂಡ್ ಕಾರಿನ ಯಾರ್ಡ್‌ಗಳನ್ನೆಲ್ಲ ಸುತ್ತಿ ಬನ್ನಿ. ಎಸ್‌ಯುವಿ, ಹ್ಯಾಚ್‌ಬ್ಯಾಕ್‌ಗಳ ಸಾಲಿನ ನಡುವೆ ಒಂದೋ ಎರಡೋ ಸೆಡಾನ್ ಕಂಡರೆ ಹೆಚ್ಚು. ಅದರ ರೇಟು ಕೇಳಿದರೆ ಹೊಸದೇ ಕೊಳ್ಳಬಹುದಲ್ಲ ಅನ್ನಿಸುತ್ತದೆ. ಶೋರೂಮಿಗೆ ಹೋಗಿ ಆನ್‌ರೋಡ್ ಬೆಲೆ ಕೇಳಿದ ಮೇಲೆ ಮತ್ತೆ ಯಾರ್ಡೇ ವಾಸಿ ಅನ್ನಿಸುತ್ತದೆ. ಈ ಓಡಾಟದಲ್ಲಿ ಸುಸ್ತಾದವರು ಕೊನೆಗೆ ಮಾಡುವ ತಪ್ಪು ಒಂದೇ: ಬಣ್ಣ ಹೊಳೆಯುತ್ತಿದೆ, ಕಿಲೋಮೀಟರ್ ಕಡಿಮೆ ಇದೆ ಎಂದು ಟೋಕನ್ ಕೊಟ್ಟುಬಿಡುವುದು. ನಮ್ಮ ಉಪ್ಪುಗಾಳಿ, ನಾಲ್ಕು ತಿಂಗಳ ಮಳೆಯಲ್ಲಿ ಬದುಕಿದ ಕಾರಿನ ನಿಜವಾದ ವಯಸ್ಸು ಮೀಟರಿನಲ್ಲಿ ಇರುವುದಿಲ್ಲ, ಅಡಿಭಾಗದಲ್ಲಿ ಇರುತ್ತದೆ.

ಸೆಡಾನ್‌ಗಳು ಎಲ್ಲಿ ಹೋದವು

ಇದು ಗೊತ್ತಿದ್ದರೆ ಮಾರುವವನ ಮಾತಿನಲ್ಲಿ ಯಾವುದು ನಿಜ, ಯಾವುದು ಬಡಾಯಿ ಎಂದು ತಿಳಿಯುತ್ತದೆ. ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದ 2020ರಲ್ಲಿ ಟೊಯೊಟಾ ಇಟಿಯೋಸ್ ನಿಂತಿತು. ಅದೇ ಡಿಸೆಂಬರ್‌ನಲ್ಲಿ ಹೋಂಡಾ ಸಿವಿಕ್ ಹೋಯಿತು. 2021ರ ಸೆಪ್ಟೆಂಬರ್‌ನಲ್ಲಿ ಟೊಯೊಟಾ ಯಾರಿಸ್ ನಿಂತಿತು. ಅದೇ ತಿಂಗಳು ಫೋರ್ಡ್ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಹೇಳಿದ್ದರಿಂದ ಆಸ್ಪೈರ್ ಕೂಡ ಮುಗಿಯಿತು. 2025ರಲ್ಲಿ ಮಾರುತಿ ಸಿಯಾಜ್ ಸರದಿ. ಡೀಸೆಲ್ ಕಥೆ ಇನ್ನೂ ಬಿಗಿ: ಮಾರುತಿ 2020ರ ಏಪ್ರಿಲ್‌ಗೆ ಡೀಸೆಲ್ ಬಿಟ್ಟಿತು, 2023ರ ಹೊತ್ತಿಗೆ ಸಿಟಿ, ಅಮೇಜ್, ವೆರ್ನಾ ಎಲ್ಲದರಲ್ಲೂ ಡೀಸೆಲ್ ಇಲ್ಲವಾಯಿತು. ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಹೋಗುವವರು ಡೀಸೆಲ್ ಸೆಡಾನೇ ಬೇಕು ಎಂದರೆ ಹಳೆಯದನ್ನೇ ಹುಡುಕಬೇಕು. ಮಾರುವವರಿಗೂ ಅದು ಗೊತ್ತು.

ಇನ್ನೊಂದು ಕಾರಣ ಅಷ್ಟು ಎದ್ದು ಕಾಣುವುದಿಲ್ಲ. ಇವತ್ತು ಯಾರ್ಡಿಗೆ ಬರಬೇಕಾದ ಐದಾರು ವರ್ಷದ ಕಾರು ಅಂದರೆ 2020–21ರಲ್ಲಿ ಶೋರೂಮಿನಿಂದ ಹೊರಟ ಕಾರು. ಲಾಕ್‌ಡೌನ್, ಚಿಪ್ ಕೊರತೆ ಎಂದು ಆಗ ಹೊರಟದ್ದೇ ಕಡಿಮೆ. ಆಗ ಹುಟ್ಟದ ಕಾರು ಈಗ ಮಾರಾಟಕ್ಕೆ ಬರಲು ಸಾಧ್ಯವಿಲ್ಲ. ಹಾಗಾಗಿ 2017–19ರ ಅಥವಾ 2022ರ ನಂತರದ ಗಾಡಿ ಹುಡುಕಿದರೆ ಆಯ್ಕೆ ಸ್ವಲ್ಪ ಜಾಸ್ತಿ.

ಹೊಸದರ ಲೆಕ್ಕ ಒಮ್ಮೆ ಹಾಕಿಬಿಡಿ

ಹಳೆಯದನ್ನು ನೋಡಲು ಹೊರಡುವ ಮೊದಲು ಅದಕ್ಕೆ ಸಮನಾದ ಹೊಸ ಕಾರಿನ ಆನ್‌ರೋಡ್ ಬೆಲೆ ಕೈಯಲ್ಲಿರಬೇಕು. 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1200 ಸಿಸಿವರೆಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ 18%. ಡಿಜೈರ್, ಅಮೇಜ್, ಔರಾ, ಟಿಗೋರ್ ಇದರಲ್ಲಿ ಬರುತ್ತವೆ. ಅವುಗಳ ಡಿಕ್ಕಿ ಕತ್ತರಿಸಿದ ಹಾಗೆ ಕಾಣುವುದೂ ಈ 4 ಮೀಟರ್ ಗೆರೆಯಿಂದಲೇ. ಸಿಟಿ, ವೆರ್ನಾ, ಸ್ಲಾವಿಯಾ, ವರ್ಟಸ್ 40%ರ ಕಡೆ. ಮೊದಲು ಸೆಸ್ ಸೇರಿ ಸಣ್ಣವಕ್ಕೆ 29%, ಈ ದೊಡ್ಡ ಪೆಟ್ರೋಲ್ ಸೆಡಾನ್‌ಗಳಿಗೆ 45% ಇತ್ತು. ಅಂದರೆ ತೆರಿಗೆ ಇಳಿಕೆಯನ್ನು ಪೂರ್ತಿ ಬಿಟ್ಟುಕೊಟ್ಟರೆ ಸಣ್ಣ ಸೆಡಾನ್ ಬೆಲೆ ಸುಮಾರು 8.5%, ದೊಡ್ಡದು ಸುಮಾರು 3.4% ಇಳಿಯಬೇಕು. ಯಾರ್ಡಿನವರು ಹಳೆಯ ಇನ್‌ವಾಯ್ಸ್ ತೋರಿಸಿ "ಆಗಲೇ ಇಷ್ಟು ಕೊಟ್ಟದ್ದು ಮಾರಾಯ್ರೆ" ಎಂದಾಗ ಈ ಲೆಕ್ಕ ನೆನಪಿರಲಿ. ಹೋಲಿಸಬೇಕಾದದ್ದು ಇವತ್ತಿನ ಹೊಸ ಬೆಲೆಗೆ, ಅವರು ಅಂದು ಕೊಟ್ಟ ಬೆಲೆಗೆ ಅಲ್ಲ.

ಕರ್ನಾಟಕದ ಲೈಫ್ ಟ್ಯಾಕ್ಸ್ 5ರಿಂದ 10 ಲಕ್ಷದ ಕಾರಿಗೆ 14%, 10ರಿಂದ 20 ಲಕ್ಷಕ್ಕೆ 17%, ಅದರ ಮೇಲೆ ಸೆಸ್. 10 ಲಕ್ಷದ ಗೆರೆಯ ಆಚೀಚೆ ಇರುವ ವೇರಿಯಂಟ್‌ಗಳಲ್ಲಿ ಇದು ಕುತ್ತಿಗೆಗೆ ಬರುತ್ತದೆ. 9.9 ಲಕ್ಷಕ್ಕೆ ತೆರಿಗೆ 1,38,600 ರೂ., 10.1 ಲಕ್ಷಕ್ಕೆ 1,71,700 ರೂ. ಇಪ್ಪತ್ತು ಸಾವಿರದ ಫಾಗ್ ಲ್ಯಾಂಪ್, ಟಚ್‌ಸ್ಕ್ರೀನ್ ಆಸೆಗೆ ಮೂವತ್ತಮೂರು ಸಾವಿರ ಹೆಚ್ಚುವರಿ ತೆರಿಗೆ. 10 ಲಕ್ಷ ದಾಟಿದರೆ 1% ಟಿಸಿಎಸ್ (ಡೀಲರ್ ನಿಮ್ಮಿಂದ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ) ಕೂಡ ಹಿಡಿಯುತ್ತಾರೆ. ಅದನ್ನು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ವಾಪಸ್ ಪಡೆಯಬಹುದು.

ಸಾಲದಲ್ಲೂ ವ್ಯತ್ಯಾಸವಿದೆ. ಹಳೆಯ ಕಾರಿಗೆ ಬಡ್ಡಿ ಯಾವಾಗಲೂ ಜಾಸ್ತಿ. 5 ಲಕ್ಷಕ್ಕೆ 5 ವರ್ಷ, 9% ಆದರೆ ಕಂತು ಸುಮಾರು 10,380 ರೂ.; 13% ಆದರೆ ಸುಮಾರು 11,380 ರೂ. ಐದು ವರ್ಷದಲ್ಲಿ 60 ಸಾವಿರ. ಹಳೆಯ ಕಾರಿನಲ್ಲಿ ಉಳಿಯಿತು ಎಂದುಕೊಂಡ ದುಡ್ಡಿನಿಂದ ಇದನ್ನು ಕಳೆಯಿರಿ.

ಹೊಸದನ್ನೇ ಬುಕ್ ಮಾಡುವುದಾದರೆ ಎರಡೇ ಮಾತು. ಬುಕ್ ಮಾಡಿದ ದಿನದ ಬೆಲೆಯಲ್ಲ, ಸಾಮಾನ್ಯವಾಗಿ ಡೆಲಿವರಿ ದಿನದ ಬೆಲೆ ಲಾಗೂ ಆಗುತ್ತದೆ. ಜನವರಿ, ಏಪ್ರಿಲ್‌ನಲ್ಲಿ ಕಂಪನಿಗಳು ಏರಿಸುವುದು ರೂಢಿ, ಆದ್ದರಿಂದ ಡಿಸೆಂಬರ್‌ನಲ್ಲಿ ಬುಕ್ ಮಾಡಿ ಫೆಬ್ರವರಿಯಲ್ಲಿ ಕಾರು ಬರುವುದಿದ್ದರೆ ಬೆಲೆ ಯಾವುದೆಂದು ಬರಹದಲ್ಲಿ ಕೇಳಿ. ರಿಜಿಸ್ಟ್ರೇಷನ್‌ಗೆ ಮೊದಲು ಡೀಲರ್ ಕೊಡುವ ಮಾರಾಟ ಪತ್ರ ಫಾರಂ 21ರಲ್ಲಿ ಕಾರು ತಯಾರಾದ ತಿಂಗಳು ಓದಿ.

ಯಾವಾಗ ಹೋಗಬೇಕು, ಏನು ಒಯ್ಯಬೇಕು

ಆಟಿ ತಿಂಗಳಲ್ಲಿ ಹೋಗಿ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ನಮ್ಮಲ್ಲಿ ಹೊಸದಾಗಿ ಏನನ್ನೂ ಮನೆಗೆ ತರುವುದಿಲ್ಲ. ಯಾರ್ಡುಗಳಲ್ಲಿ ನೊಣ ಹೊಡೆಯುವ ಹೊತ್ತು. ಚೌಕಾಸಿಗೆ ಮಾರುವವನು ಬಗ್ಗುತ್ತಾನೆ. ಅದಕ್ಕಿಂತ ದೊಡ್ಡ ಲಾಭ ಮಳೆ: ಎಲ್ಲಿ ಸೋರುತ್ತದೆ ಎಂಬುದನ್ನು ಕಾರು ತಾನೇ ತೋರಿಸುತ್ತದೆ. ನಂಬಿಕೆ ಇದ್ದವರು ಆಟಿಯಲ್ಲಿ ನೋಡಿ ಮಾತು ಮುಗಿಸಿ, ಅದರ ಮುಂದಿನ ಸೋಣ ತಿಂಗಳಲ್ಲಿ ಡೆಲಿವರಿ ತೆಗೆದುಕೊಳ್ಳಲಿ. ಚೌತಿಯಿಂದ ದೀಪಾವಳಿಯವರೆಗೆ ರೇಟು ಇಳಿಸಿ ಕೇಳುವುದು ಕಷ್ಟ.

ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರಬೇಕು. "ಸ್ಟಾರ್ಟ್ ಮಾಡಿ ಇಟ್ಟಿದ್ದೇವೆ ಸರ್" ಎಂದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಒಯ್ಯಬೇಕಾದದ್ದು: ಒಳ್ಳೆಯ ಟಾರ್ಚ್, ಫ್ರಿಜ್ಜಿಗೆ ಅಂಟಿಸುವ ಚಪ್ಪಟೆ ಮ್ಯಾಗ್ನೆಟ್, ಉದ್ದ ಸ್ಕ್ರೂಡ್ರೈವರ್, ಹಳೆಯ ಪೇಪರು, ಫೋನಿಗೆ ಬ್ಲೂಟೂತ್‌ನಲ್ಲಿ ಸೇರಿ ಕಾರಿನ ಕಂಪ್ಯೂಟರಿನ ಎರರ್ ಓದುವ ಒಬಿಡಿ ಸ್ಕ್ಯಾನರ್. ಪರಿಚಯದ ಮೆಕ್ಯಾನಿಕ್‌ಗೆ ಅರ್ಧ ದಿನದ ಕೂಲಿ ಕೊಟ್ಟು ಜೊತೆಗೆ ಕರೆದುಕೊಂಡು ಹೋಗುವುದು ಎಲ್ಲಕ್ಕಿಂತ ಅಗ್ಗದ ವಿಮೆ. ಆದರೆ ಅವರು ಆ ಯಾರ್ಡಿನ ಕಾಯಂ ಮೆಕ್ಯಾನಿಕ್ ಆಗಿರಬಾರದು.

ಡಿಕ್ಕಿಯಿಂದ ಶುರು ಮಾಡಿ

ಎಲ್ಲರೂ ಬಾನೆಟ್ ಎತ್ತಿಸಿ ಎಂಜಿನ್ ನೋಡುತ್ತಾರೆ. ಸೆಡಾನ್‌ನಲ್ಲಿ ಮೊದಲು ಡಿಕ್ಕಿ ತೆಗೆಸಿ. ಚಾಪೆ ಎತ್ತಿ, ಅದರ ಕೆಳಗಿನ ಹಲಗೆ ಎತ್ತಿ, ಸ್ಟೆಪ್ನಿಯನ್ನು ಹೊರಗೆ ತೆಗೆದಿಡಿ. ಮೂಗು ಒಳಗೆ ಹಾಕಿ: ಬೂಸಲು ಬಂದ ಹಳೆಯ ಗೋಣಿಯ ವಾಸನೆ ಬಂದರೆ ನೀರು ನಿಂತದ್ದು ಖಂಡಿತ. ಸ್ಟೆಪ್ನಿ ಕೂರುವ ಹೊಂಡದ ತಳದಲ್ಲಿ ರಬ್ಬರಿನ ಬಿರಡೆಗಳಿರುತ್ತವೆ. ಅವುಗಳ ಸುತ್ತ ಕಂದು ಬಳೆ, ಗೋಡೆಯಲ್ಲಿ ಹಳದಿ ಗೆರೆ, ಜ್ಯಾಕಿನ ಮೇಲೆ ತುಕ್ಕಿನ ಪುಡಿ, ಸ್ಟೆಪ್ನಿಯ ಡಿಸ್ಕಿನ ಕೆಳಮೈ ಮಾತ್ರ ಕೆಂಪಾಗಿರುವುದು: ಇವು ಒಂದೇ ಕಥೆ ಹೇಳುತ್ತವೆ. ಎರಡು ತಗಡು ಸೇರುವ ಕಡೆ ಕಂಪನಿ ಹಾಕಿದ ಸೀಲಂಟ್ ಒಂದೇ ದಪ್ಪದಲ್ಲಿ ನೇರ ಗೆರೆಯಾಗಿ ಹೋಗಿರಬೇಕು. ಕೈಯಲ್ಲಿ ಬಳಿದ ಹಾಗೆ ದಪ್ಪ ತೆಳು ಇದ್ದರೆ ಹಿಂದಿನಿಂದ ಗುದ್ದಿಸಿಕೊಂಡ ಕಾರು.

ನೀರು ಬರುವುದು ಬಹುತೇಕ ಮೂರು ದಾರಿಯಲ್ಲಿ: ಹಿಂದಿನ ಲೈಟಿನ ಗ್ಯಾಸ್ಕೆಟ್, ಡಿಕ್ಕಿ ಬಾಗಿಲಿನ ಉದ್ದ ರಬ್ಬರ್, ಹಿಂದಿನ ಗಾಜಿನ ಅಂಚು. ಹೊಂಡಕ್ಕೆ ಒಣ ಪೇಪರು ಹಾಸಿ, ಡಿಕ್ಕಿ ಮುಚ್ಚಿ, ಪೈಪಿನಲ್ಲಿ ಮೊದಲು ಎಡ ಲೈಟಿನ ಸುತ್ತ ಐದು ನಿಮಿಷ ನೀರು ಬಿಟ್ಟು ತೆಗೆದು ನೋಡಿ. ಆಮೇಲೆ ಬಲ ಲೈಟು, ಆಮೇಲೆ ಗಾಜು. ಒಟ್ಟಿಗೆ ಬಿಟ್ಟರೆ ಎಲ್ಲಿಂದ ಸೋರಿತು ಎಂದು ತಿಳಿಯುವುದಿಲ್ಲ. ಗ್ಯಾಸ್ಕೆಟ್ ಆದರೆ ಸಣ್ಣ ಕೆಲಸ, ಗಾಜಿನ ಅಂಚಾದರೆ ಗಾಜು ಬಿಚ್ಚಿ ಮತ್ತೆ ಕೂರಿಸಬೇಕು. ಆ ಚೌಕಟ್ಟಿನಲ್ಲಿ ತುಕ್ಕು ಹಿಡಿದಿದ್ದರೆ ಟಿಂಕರಿಂಗ್ ಕೂಡ.

ಅಡಿ

ಕಾರನ್ನು ಲಿಫ್ಟ್ ಇರುವ ಗ್ಯಾರೇಜಿಗೆ ಒಯ್ಯಲು ಒಪ್ಪದವರ ಹತ್ತಿರ ವ್ಯಾಪಾರ ಬೇಡ. ಇದರಲ್ಲಿ ದಾಕ್ಷಿಣ್ಯ ಸಲ್ಲ.

ತುಕ್ಕು ಎಲ್ಲ ಒಂದೇ ಅಲ್ಲ. ಸೈಲೆನ್ಸರ್, ಬೋಲ್ಟ್ ತಲೆ, ಆಕ್ಸಲ್ ಮೇಲೆ ಕೈಗೆ ಅಂಟುವ ಕೆಂಪು ಹುಡಿ ಕರಾವಳಿಯ ಎಲ್ಲ ಕಾರಿಗೂ ಇರುತ್ತದೆ, ತಲೆ ಕೆಡಿಸಿಕೊಳ್ಳಬೇಡಿ. ಬಣ್ಣದ ಅಡಿಯಲ್ಲಿ ಗುಳ್ಳೆ ಎದ್ದಿದ್ದರೆ ಎಚ್ಚರ. ಪದರ ಪದರವಾಗಿ ಕಿತ್ತು ಬರುತ್ತಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ: ಗಟ್ಟಿ ತಗಡು ಟಣ್ ಎನ್ನುತ್ತದೆ, ತಿಂದು ಹೋದದ್ದು ಹಲಸಿನ ಹಣ್ಣು ತಟ್ಟಿದ ಹಾಗೆ ಡಬ್ ಎನ್ನುತ್ತದೆ.

ಜಾಗಗಳು ಮುಖ್ಯ. ಬಾಗಿಲಿನ ಕೆಳಗೆ ಉದ್ದಕ್ಕೆ ಹೋಗುವ ಪಟ್ಟಿ ಮತ್ತು ಅದರಲ್ಲಿ ಜ್ಯಾಕ್ ಕೊಡುವ ಜಾಗ; ಮುಂದಿನ ಸಸ್ಪೆನ್ಷನ್ ಕೂರುವ ಸಬ್‌ಫ್ರೇಮ್; ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರಿನ ಸ್ಟ್ರಟ್ ಕೂರುವ ದುಂಡು ತಲೆ; ಹಿಂದಿನ ಚಕ್ರದ ಕಮಾನಿನ ಒಳಗಿನ ಮಡಿಕೆ; ಬ್ರೇಕಿನ ಲೋಹದ ಪೈಪು; ಪೆಟ್ರೋಲ್ ಟ್ಯಾಂಕಿನ ಪಟ್ಟಿ. ಇವುಗಳಲ್ಲಿ ಮೊದಲ ಮೂರರಲ್ಲಿ ತೂತು ಬಿದ್ದಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ವೆಲ್ಡ್ ಮಾಡಿಸಬಹುದು ಎಂದು ಹೇಳುತ್ತಾರೆ. ಮಾಡಿಸಬಹುದು, ಆದರೆ ಗುದ್ದಿದಾಗ ಆ ಭಾಗ ಹೇಗೆ ಮಡಚಬೇಕೆಂದು ಕಂಪನಿ ಲೆಕ್ಕ ಹಾಕಿತ್ತೋ ಹಾಗೆ ಅದು ಮಡಚುವುದಿಲ್ಲ.

ಹೊಚ್ಚ ಹೊಸ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಕಂಡರೆ ಸಂತೋಷಪಡಬೇಡಿ. ಹತ್ತು ವರ್ಷದ ಕಾರಿಗೆ ಮಾರುವ ವಾರ ಕೋಟಿಂಗ್ ಮಾಡಿಸುವವರ ಉದ್ದೇಶ ನಿಮ್ಮ ಅನುಕೂಲ ಅಲ್ಲ. ಒದ್ದೆ ತುಕ್ಕಿನ ಮೇಲೆ ಬಳಿದ ಕೋಟಿಂಗ್ ನೀರನ್ನು ಒಳಗೇ ಹಿಡಿದಿಟ್ಟು ಎರಡು ಮಳೆಗಾಲದಲ್ಲಿ ತಗಡು ತಿನ್ನುತ್ತದೆ.

ಎನ್‌ಎಚ್ 66ರಲ್ಲಿ ಮೀನಿನ ಲಾರಿಗಳ ಹಿಂದೆ ದಿನವೂ ಓಡಾಡಿದ ಕಾರು ಬೇರೆಯೇ ಜಾತಿ. ಲಾರಿಯಿಂದ ಸುರಿಯುವ ಐಸಿನ ಉಪ್ಪುನೀರು ಕಾರಿನ ಮೂತಿಗೆ, ಅಡಿಗೆ ಹಾರುತ್ತದೆ. ಮಲ್ಪೆ, ಉಳ್ಳಾಲ, ಪಣಂಬೂರು ಕಡೆ ಸಮುದ್ರಕ್ಕೆ ಹತ್ತಿರ ನಿಲ್ಲುವ ಕಾರಿನದ್ದೂ ಅದೇ ಪಾಡು. ಮುಂದಿನ ಗ್ರಿಲ್ ಮೂಲಕ ಟಾರ್ಚ್ ಬಿಟ್ಟು ಎಸಿ ಕಂಡೆನ್ಸರ್ ನೋಡಿ. ಅಲ್ಯುಮಿನಿಯಂ ರೆಕ್ಕೆಗಳು ಬಿಳಿ ಹುಡಿಯಾಗಿ ಬೆರಳಿಗೆ ಉದುರಿದರೆ ಅದರ ಬದಲಾವಣೆಯ ಖರ್ಚನ್ನು ಈಗಲೇ ರೇಟಿನಿಂದ ಕಳೆಯಿರಿ.

ನೀರಿನಲ್ಲಿ ನಿಂತ ಕಾರು

2020ರ ಸೆಪ್ಟೆಂಬರ್‌ನಲ್ಲಿ ಉಡುಪಿಗೆ ಬಂದ ನೆರೆ ಎಲ್ಲರಿಗೂ ನೆನಪಿದೆ. ಮಂಗಳೂರಿನ ಕೊಟ್ಟಾರ ಚೌಕಿ, ಪಂಪ್‌ವೆಲ್‌ನಲ್ಲಿ ನೀರು ನಿಲ್ಲುವುದಂತೂ ವರ್ಷದ ಮಾತು. ಸೀಟಿನ ಬಟ್ಟೆ ಬದಲಿಸಿ, ಶಾಂಪೂ ಹಾಕಿ, ಸೆಂಟು ಹೊಡೆದ ಕಾರನ್ನು ಹಿಡಿಯುವ ಉಪಾಯ ಸೀಟ್‌ಬೆಲ್ಟ್. ನಾಲ್ಕೂ ಬೆಲ್ಟುಗಳನ್ನು ಪೂರ್ತಿ ಎಳೆಯಿರಿ, ಸುರುಳಿಯ ಕೊನೆಯವರೆಗೆ. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಅಡ್ಡಕ್ಕೆ ಕೆಂಪು ಗೆರೆ ಇದ್ದರೆ ಅದು ನಮ್ಮ ಕೆಂಪುಕಲ್ಲಿನ ಮಣ್ಣು ಕುಡಿದ ನೀರಿನ ಮಟ್ಟ. ಅದನ್ನು ತೊಳೆಯುವುದು ಯಾರಿಗೂ ನೆನಪಾಗುವುದಿಲ್ಲ. ಮುಂದಿನ ಸೀಟನ್ನು ಪೂರ್ತಿ ಹಿಂದೆ ತಳ್ಳಿ ಹಳಿಯ ತುಕ್ಕು ನೋಡಿ. ಡ್ಯಾಶ್‌ಬೋರ್ಡಿನ ಅಡಿ ಫ್ಯೂಸ್ ಬಾಕ್ಸಿನ ಪಿನ್ನುಗಳಲ್ಲಿ ಹಸಿರು ಪಾಚಿಯಂಥದ್ದು ಇದ್ದರೆ ಅಲ್ಲಿಗೆ ಮುಗಿಯಿತು. ಅಂಥ ಕಾರಿನ ವೈರಿಂಗ್ ಇವತ್ತು ಪವರ್ ವಿಂಡೋ, ನಾಳೆ ಏರ್‌ಬ್ಯಾಗ್ ಲೈಟು ಎಂದು ವರ್ಷಗಟ್ಟಲೆ ಕಾಡುತ್ತದೆ.

"ಗಲ್ಫಿನವರ ಗಾಡಿ, ಬರೇ 18 ಸಾವಿರ ಓಡಿದ್ದು"

ಕಿಲೋಮೀಟರ್ ನಿಜವೇ ಇರಬಹುದು. ಓನರ್ ಗಲ್ಫಿನಲ್ಲಿ ದುಡಿಯುವಾಗ ವರ್ಷದಲ್ಲಿ ಹನ್ನೊಂದು ತಿಂಗಳು ಊರಿನ ಶೆಡ್ಡಿನಲ್ಲಿ, ಕವರ್ ಹೊದ್ದು ನಿಂತ ಕಾರು ಅದು. ಓಡದೆ ಹಾಳಾಗುವ ವಸ್ತುಗಳು ಬೇರೆ. ಟೈರಿನ ಬದಿಯಲ್ಲಿ ನಾಲ್ಕು ಅಂಕೆ ಹುಡುಕಿ: 2319 ಎಂದರೆ 2019ರ 23ನೇ ವಾರ. ಗ್ರಿಪ್ ಚೆನ್ನಾಗಿದ್ದರೂ ಆರು ವರ್ಷ ದಾಟಿದ ಟೈರು ಘಾಟಿಯ ಮಳೆಗೆ ಆಗದು. ಹಿಂದಿನ ಬ್ರೇಕ್ ಶೂ ಡ್ರಮ್ಮಿಗೆ ಅಂಟಿರುತ್ತದೆ; ಹ್ಯಾಂಡ್‌ಬ್ರೇಕ್ ಬಿಟ್ಟು ನ್ಯೂಟ್ರಲ್‌ನಲ್ಲಿ ಒಬ್ಬರೇ ತಳ್ಳಿದರೂ ಕಾರು ಜಾರಬೇಕು. ಬಾನೆಟ್ಟಿನ ಒಳಮೈ ಹೊದಿಕೆಯಲ್ಲಿ ಇಲಿ ಗೂಡು, ಕಡಿದ ವೈರಿಗೆ ಸುತ್ತಿದ ಇನ್ಸುಲೇಷನ್ ಟೇಪು ನೋಡಿ. ಸೀಟ್‌ಬೆಲ್ಟಿನ ಮೇಲೆ, ಎಸಿ ತೂತುಗಳಲ್ಲಿ ಬೂಸಲು ಇರುತ್ತದೆ.

ಪೆಟ್ರೋಲಿನದ್ದು ಹೊಸ ತಲೆನೋವು. ಈಗ ಬಂಕುಗಳಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ್ದು. ಎಥನಾಲ್ ತೇವವನ್ನು ಎಳೆದುಕೊಳ್ಳುತ್ತದೆ. 2023ರ ಏಪ್ರಿಲ್‌ಗೆ ಮುಂಚಿನ, ಹೆಚ್ಚಾಗಿ ಈ ಪೆಟ್ರೋಲಿಗೆಂದು ಮಾಡಿರದ ಕಾರು ಅರ್ಧ ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತಿದ್ದರೆ ಟ್ಯಾಂಕ್ ಖಾಲಿ ಮಾಡಿಸಿ, ಫಿಲ್ಟರ್ ಬದಲಿಸಿ, ರಬ್ಬರ್ ಪೈಪುಗಳು ಬಿರಿದಿವೆಯೇ ನೋಡಿಸಬೇಕು. ಇಷ್ಟೆಲ್ಲ ಆದರೂ, ಒಳ್ಳೆ ಶೆಡ್ಡಿನಲ್ಲಿ ನಿಂತು ವಾರಕ್ಕೊಮ್ಮೆ ಯಾರಾದರೂ ಓಡಿಸಿದ ಗಲ್ಫ್ ಗಾಡಿ ಸಿಕ್ಕಿದರೆ ಬಿಡಬೇಡಿ, ಅಂಥದ್ದು ಅಪರೂಪ.

ಎಂಜಿನ್ ಮತ್ತು ಓಡಾಟ

ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡುವಾಗ ಇನ್ನೊಬ್ಬರು ಹಿಂದೆ ನಿಲ್ಲಲಿ. ಮಳೆಗಾಲದ ಬೆಳಿಗ್ಗೆ ಸ್ವಲ್ಪ ಬಿಳಿ ಹೊಗೆ ಸಹಜ, ಬಿಸಿಯಾದ ಮೇಲೂ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಕೆನೆ ಇದ್ದರೆ ಡಿಪ್‌ಸ್ಟಿಕ್ ಕೂಡ ಎಳೆದು ನೋಡಿ. ಅಲ್ಲೂ ಅದೇ ಇದ್ದರೆ ಹೆಡ್ ಗ್ಯಾಸ್ಕೆಟ್ ಶಂಕೆ, ಮುಚ್ಚಳದಲ್ಲಿ ಮಾತ್ರ ಇದ್ದರೆ ಹೆಚ್ಚಾಗಿ ಕಡಿಮೆ ದೂರ ಓಡಿದ ಕಾರಿನ ತೇವ.

ಒಬಿಡಿ ಸ್ಕ್ಯಾನರಿನಲ್ಲಿ ಎರರ್ ಇಲ್ಲ ಎಂದ ಮಾತ್ರಕ್ಕೆ ಮುಗಿಯಲಿಲ್ಲ. ರೆಡಿನೆಸ್ ಎಂಬ ಪುಟ ತೆರೆಯಿರಿ. ಹಲವು ಮಾನಿಟರುಗಳು (ಕಾರು ತಾನೇ ಮಾಡಿಕೊಳ್ಳುವ ಪರೀಕ್ಷೆಗಳು) "ಪೂರ್ತಿಯಾಗಿಲ್ಲ" ಎಂದು ತೋರಿಸಿದರೆ ನೀವು ಬರುವ ಮೊದಲು ಯಾರೋ ಎರರ್ ಅಳಿಸಿದ್ದಾರೆ, ಅಥವಾ ಬ್ಯಾಟರಿ ಬಿಚ್ಚಿದ್ದಾರೆ.

ಟೆಸ್ಟ್ ಡ್ರೈವ್ ಯಾರ್ಡಿನ ಎದುರಿನ ಸಮತಟ್ಟು ರಸ್ತೆಯಲ್ಲಿ ಬೇಡ. ಉಡುಪಿಯಾದರೆ ಇಂದ್ರಾಳಿಯಿಂದ ಮಣಿಪಾಲಕ್ಕೆ, ಮಂಗಳೂರಾದರೆ ಕದ್ರಿಯ ಏರಿಗೆ, ಎಸಿ ಹಾಕಿ, ನಾಲ್ಕು ಜನ ಕೂತು ಹತ್ತಿಸಿ. ಮೂರನೇ ಗೇರಿನಲ್ಲಿ ಒತ್ತಿದಾಗ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಆಟೊಮ್ಯಾಟಿಕ್ ಆದರೆ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ. ಜರ್ಕ್ ಹೊಡೆದರೆ ಗೇರ್‌ಬಾಕ್ಸ್ ಬಲ್ಲವರಿಗೆ ತೋರಿಸದೆ ಮುಂದೆ ಹೋಗಬೇಡಿ. ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಸುತ್ತು ಹಾಕಿ, ಟಕ್ ಟಕ್ ಎಂದರೆ ಆಕ್ಸಲ್ ಜಾಯಿಂಟ್. ಹೆದ್ದಾರಿಯಲ್ಲಿ 80ರಲ್ಲಿ ಗುಂಯ್‌ಗುಡುವುದು ಟೈರು ಅಥವಾ ಬೇರಿಂಗ್.

ಕೊನೆಗೆ ಕಾರನ್ನು ನಿಮ್ಮ ಮನೆಯ ಗೇಟಿಗೆ ಒಯ್ಯಿರಿ. ರಸ್ತೆಯಿಂದ ಅಂಗಳಕ್ಕೆ ಕಡಿದಾಗಿ ಇಳಿಯುವ ಮನೆ ನಮ್ಮಲ್ಲಿ ಹೆಚ್ಚು. ಸೆಡಾನಿನ ಮೂತಿ, ಬಾಲ ಎರಡೂ ಉದ್ದ. ಐವರು ಕೂತಾಗ ಅಡಿ ಉಜ್ಜಿದರೆ ಕಾರು ಎಷ್ಟೇ ಒಳ್ಳೆಯದಿದ್ದರೂ ದಿನವೂ ನೋವು.

ಬಣ್ಣದ ಬಗ್ಗೆ ಚುಟುಕಾಗಿ: ಕಬ್ಬಿಣದ ತಗಡಿನ ಮೇಲೆ ಮ್ಯಾಗ್ನೆಟ್ ಅಂಟದ ಜಾಗದಲ್ಲಿ ಪುಟ್ಟಿ ಇದೆ. ಬಂಪರ್ ಪ್ಲಾಸ್ಟಿಕ್, ಅಲ್ಲಿ ಪರೀಕ್ಷೆ ಮಾಡಿ ಹೆದರಬೇಡಿ. ಫೆಂಡರ್, ಬಾನೆಟ್ ಬೋಲ್ಟುಗಳ ಮೂಲೆಯಲ್ಲಿ ಬಣ್ಣ ಕಿತ್ತಿದ್ದರೆ ಬಿಚ್ಚಿದ್ದಾರೆ. ಎಲ್ಲ ಗಾಜಿನ ಮೇಲಿನ ವರ್ಷದ ಗುರುತು ಹೊಂದಬೇಕು.

ಕಾಗದ

ಆರ್‌ಸಿಯಲ್ಲಿ ಎಷ್ಟನೇ ಓನರ್, ಸಾಲ ಇದೆಯೇ, ವಿಮೆ ಎಲ್ಲಿಯವರೆಗೆ ಎಂಬುದು ಎಂಪರಿವಾಹನ್ ಆ್ಯಪ್‌ನಲ್ಲೇ ಸಿಗುತ್ತದೆ. ಟ್ರಾಫಿಕ್ ದಂಡ ಬಾಕಿ ಇದೆಯೇ ಪ್ರತ್ಯೇಕ ನೋಡಿ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಡಿಜೈರ್, ಇಟಿಯೋಸ್‌ಗಳೂ ಬರುತ್ತವೆ. ಛಾವಣಿಯಲ್ಲಿ ಕ್ಯಾರಿಯರ್ ಕೂತ ಗುರುತು, ಡ್ರೈವರ್ ಸೀಟಿನ ಅಂಚು ಮಾತ್ರ ಕುಸಿದಿರುವುದು ಸುಳಿವು.

ಆರ್‌ಸಿಯಲ್ಲಿ ಸಾಲ ಕೊಟ್ಟ ಬ್ಯಾಂಕಿನ ಹೆಸರು ಬರೆಯುವ ಹೈಪೋಥಿಕೇಷನ್‌ನಲ್ಲಿ ನಮ್ಮ ಜಿಲ್ಲೆಗಳಿಗೇ ವಿಶೇಷವಾದ ತೊಡಕು ಒಂದಿದೆ. ಹಳೆಯ ಆರ್‌ಸಿಗಳಲ್ಲಿ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕ್ ಹೆಸರು ಹಾಗೇ ಕೂತಿರುತ್ತದೆ. ಸಾಲ ತೀರಿ ವರ್ಷಗಳಾದರೂ ತೆಗೆಸಿರುವುದಿಲ್ಲ. ವಿಜಯಾ 2019ರ ಏಪ್ರಿಲ್ 1ಕ್ಕೆ ಬ್ಯಾಂಕ್ ಆಫ್ ಬರೋಡಾ ಆಯಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾ ಬ್ಯಾಂಕಿನಲ್ಲೂ ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲೂ ಸೇರಿದವು. ಈಗಿನ ಬ್ಯಾಂಕಿನಿಂದ ಎನ್‌ಓಸಿ ಮತ್ತು ಬ್ಯಾಂಕಿನ ಹೆಸರು ತೆಗೆಸುವ ಫಾರಂ 35ಕ್ಕೆ ಸಹಿ ತರಬೇಕಾದವರು ಮಾರುವವರು. ಅದು ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ಸಹಕಾರಿ ಸೊಸೈಟಿ ಸಾಲಕ್ಕೂ ಇದೇ ಕ್ರಮ.

ಟ್ರಾನ್ಸ್‌ಫರ್‌ಗೆ ಫಾರಂ 29 ಎರಡು ಪ್ರತಿ, ಫಾರಂ 30, ವಿಮೆ, ಎಮಿಷನ್ ಸರ್ಟಿಫಿಕೇಟ್, ವಿಳಾಸದ ದಾಖಲೆ, ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್. ಓನರ್ ತೀರಿಹೋಗಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ಬದಲಾಗಬೇಕು. "ಮಗನೇ ಸಹಿ ಹಾಕ್ತಾನೆ, ಸಾಕು" ಎಂಬುದು ಸಾಲದು. ಓನರ್ ದುಬೈಯಲ್ಲಿದ್ದರೆ ಒಟಿಪಿ ಬರುವ ಊರಿನ ಸಿಮ್ ಚಾಲ್ತಿಯಲ್ಲಿದೆಯೇ ಎಂದು ಟೋಕನ್‌ಗೆ ಮುಂಚೆಯೇ ಕೇಳಿ. ಸಿಮ್ ಸತ್ತ ಕಾರಣಕ್ಕೆ ತಿಂಗಳುಗಟ್ಟಲೆ ನಿಂತ ಟ್ರಾನ್ಸ್‌ಫರ್‌ಗಳು ಕಡಿಮೆ ಇಲ್ಲ.

ನಮ್ಮ ಜಿಲ್ಲೆಗಳ ಕೆಎ 19, ಕೆಎ 20, ಕೆಎ 21, ಕೆಎ 70 ಯಾವುದಾದರೂ ಚಿಂತೆ ಇಲ್ಲ. ತಲಪಾಡಿ ಆಚೆಯ ಕಾಸರಗೋಡಿನ ಕೆಎಲ್ 14 ಅಥವಾ ದಿಲ್ಲಿಯ ಕಾರು ಅಗ್ಗಕ್ಕೆ ಬಂದರೆ ನಿಂತು ಲೆಕ್ಕ ಹಾಕಿ: ಫಾರಂ 28ರ ಎನ್‌ಓಸಿ, ಹೊಸ ನಂಬರಿಗೆ ಫಾರಂ 27, ಕಾರಿನ ವಯಸ್ಸಿಗೆ ತಕ್ಕ ಕರ್ನಾಟಕದ ಲೈಫ್ ಟ್ಯಾಕ್ಸ್. ಇಷ್ಟು ಸೇರಿಸಿದ ಮೇಲೂ ಅಗ್ಗವೇ ಆದರೆ ಮಾತ್ರ ಮುಂದಿನ ಮಾತು.

ವಿಮೆಯ ಪಾಲಿಸಿಯನ್ನು ಪತ್ತೇದಾರರ ಹಾಗೆ ಓದಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ 20, 25, 35, 45, 50% ಎಂದು ಏರುತ್ತದೆ. ಆರು ವರ್ಷದ "ಒಂದು ಗೀರೂ ಇಲ್ಲದ" ಕಾರಿಗೆ ಬೋನಸ್ ಸೊನ್ನೆ ಇದ್ದರೆ ಕಳೆದ ವರ್ಷ ಏನಾಯಿತು ಎಂದು ಕೇಳುವ ಹಕ್ಕು ನಿಮಗಿದೆ. ಈ ಬೋನಸ್ ಕಾರಿನ ಜೊತೆ ಬರುವುದಿಲ್ಲ, ಹಳೆಯ ಓನರ್ ಹತ್ತಿರವೇ ಉಳಿಯುತ್ತದೆ. ಪಾಲಿಸಿಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ನಿಮ್ಮ ಕಾರಿನ ಡ್ಯಾಮೇಜಿಗೆ ವಿಮಾ ಕಂಪನಿ ಕೈ ಎತ್ತಬಹುದು.

ಈಗ ರೇಟು

ಪಾಲಿಸಿಯಲ್ಲಿ ಐಡಿವಿ ಎಂಬ ಅಂಕೆ ಇರುತ್ತದೆ, ಅಂದರೆ ವಿಮಾ ಕಂಪನಿ ಒಪ್ಪಿದ ಕಾರಿನ ಈಗಿನ ಬೆಲೆ. ಎಕ್ಸ್‌ಶೋರೂಮ್ ಬೆಲೆಯಿಂದ ವಯಸ್ಸಿಗೆ ತಕ್ಕಂತೆ ಕಳೆದದ್ದು: ಎರಡು ವರ್ಷ ದಾಟಿದರೆ 30%, ಮೂರು ದಾಟಿದರೆ 40%, ನಾಲ್ಕು ದಾಟಿ ಐದರೊಳಗೆ 50%. ಎಕ್ಸ್‌ಶೋರೂಮ್ 8 ಲಕ್ಷದ, ನಾಲ್ಕೂವರೆ ವರ್ಷದ ಕಾರಿಗೆ ಹೀಗೆ 4 ಲಕ್ಷ ಬರುತ್ತದೆ. ಸೆಡಾನ್ ಕೊರತೆಯ ಈ ದಿನಗಳಲ್ಲಿ ಯಾರೂ ಅಷ್ಟಕ್ಕೆ ಕೊಡುವುದಿಲ್ಲ, ಅದನ್ನು ಕೆಳಗಿನ ಮೆಟ್ಟಿಲು ಎಂದಿಟ್ಟುಕೊಳ್ಳಿ. ಇವತ್ತಿನ ಹೊಸ ಕಾರಿನ ಆನ್‌ರೋಡ್ ಬೆಲೆ ಮೇಲಿನ ಮೆಟ್ಟಿಲು. ನಡುವಿನ ಜಾಗದಲ್ಲಿ ಮಾತು.

ಮಾತಾಡುವಾಗ "ಸ್ವಲ್ಪ ಕಡಿಮೆ ಮಾಡಿ" ಅನ್ನಬೇಡಿ, ಪಟ್ಟಿ ಓದಿ. ನಾಲ್ಕು ಟೈರು ಸುಮಾರು 20 ಸಾವಿರ, ಬ್ಯಾಟರಿ ಸುಮಾರು 5 ಸಾವಿರ, ಕಂಡೆನ್ಸರ್, ಡಿಕ್ಕಿ ಹೊಂಡದ ಟಿಂಕರಿಂಗ್, ವಿಮೆ ಬದಲಾವಣೆ: ಪ್ರತಿಯೊಂದಕ್ಕೂ ಗ್ಯಾರೇಜಿನಲ್ಲಿ ಬರೆಸಿದ ಎಸ್ಟಿಮೇಟ್ ಮುಂದಿಡಿ. ಬ್ರೋಕರ್ ಆಗ ಹೇಳುವ ಮಾತು ಗೊತ್ತೇ ಇದೆ: "ಸಂಜೆಗೆ ಕುಂದಾಪುರದವರು ಬರ್ತಾರೆ ಮಾರಾಯ್ರೆ, ಮತ್ತೆ ಹೇಳಿಲ್ಲ ಅನ್ಬೇಡಿ." ಬರಲಿ. ಲಿಫ್ಟಿನ ಮೇಲೆ ಹತ್ತಿಸಿ ನೋಡದ ಕಾರಿಗೆ ಸಾವಿರ ರೂಪಾಯಿ ಟೋಕನ್ನೂ ಬೇಡ.

ದುಡ್ಡು ಬ್ಯಾಂಕ್ ಮೂಲಕ, ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೆ. ಯಾರ್ಡಿನವರಿಗೆ ಕೊಡುವುದಾದರೆ ಸಾರಿಗೆ ಇಲಾಖೆಯ ಡೀಲರ್ ಅಧಿಕಾರಪತ್ರ ಕೇಳಿ. 2023ರ ಏಪ್ರಿಲ್‌ನಿಂದ ಹಳೆಯ ವಾಹನ ಡೀಲರುಗಳಿಗೆ ಅದು ಬೇಕು. ಸ್ವಲ್ಪ ಮೊತ್ತ ಟ್ರಾನ್ಸ್‌ಫರ್ ಆಗುವವರೆಗೆ ಹಿಡಿದಿಡಿ, ಒಪ್ಪಂದದಲ್ಲಿ ಬರೆಯಿಸಿ. ಡೆಲಿವರಿ ನೋಟಿನಲ್ಲಿ ದಿನಾಂಕದ ಜೊತೆ ಗಂಟೆಯೂ ಇರಲಿ. ಆ ಬೆಳಿಗ್ಗೆ ಬಿದ್ದ ದಂಡ ಯಾರದ್ದು ಎಂಬ ಜಗಳ ಬರುವುದಿಲ್ಲ.

ಮನೆಗೆ ಬಂದ ಮೇಲೆ

ಮೊದಲ ವಾರ ಎಂಜಿನ್ ಆಯಿಲ್, ಎಲ್ಲ ಫಿಲ್ಟರ್, ಬ್ರೇಕ್ ಫ್ಲೂಯಿಡ್, ಕೂಲಂಟ್ ಬದಲಿಸಿ. ಹಿಂದಿನವರು ಮಾಡಿಸಿದ್ದೇವೆ ಎಂದರೂ ಬದಲಿಸಿ. ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಹೋಗುವ ಸಣ್ಣ ತೂತುಗಳಿವೆ, ಪೊರಕೆ ಕಡ್ಡಿಯಿಂದ ಬಿಡಿಸಿ. ಮುಂದಿನ ಗಾಜಿನ ಬುಡದ ಪ್ಲಾಸ್ಟಿಕ್ ಕೆಳಗೆ ತುಂಬಿದ ಎಲೆ ಕಸ ತೆಗೆಯಿರಿ, ನೀರು ಕಾಲಡಿಗೆ ಬರುವುದು ಅಲ್ಲಿಂದ. ಅಂಡರ್‌ಬಾಡಿ ಕೋಟಿಂಗ್ ಮಾಡಿಸುವುದಾದರೆ ಫೆಬ್ರವರಿ, ಮಾರ್ಚ್‌ನ ಒಣ ಬಿಸಿಲಿನಲ್ಲಿ, ತೊಳೆದು ಎರಡು ದಿನ ಒಣಗಿಸಿದ ಮೇಲೆ, ತುಕ್ಕನ್ನು ಉಜ್ಜಿ ಪ್ರೈಮರ್ ಹೊಡೆದ ನಂತರ. ಬೀಚಿಗೆ ಹೋಗಿ ಬಂದ ದಿನ ರಾತ್ರಿಯೇ ಅಡಿಗೆ ಸಿಹಿನೀರು ಬಿಡಿ, ಮರುದಿನ ಬೆಳಿಗ್ಗೆಗೆ ಇಡಬೇಡಿ.